ಬಂದರಿನಲ್ಲಿ ಅಧಿಕಾರಿಗಳಿದ್ದರಲ್ಲ, ಯಾಕೆ ದೂರು ಕೊಡಲಿಲ್ಲ?

ಬ್ರಿಟಿಷರ ವ್ಯಾಪಾರಿ ಹಡಗುಗಳಲ್ಲಿ ದುಡಿದ ನಮ್ಮ ನಾವಿಕರ ಕಥೆಯನ್ನು ಎಲ್ಲೇ ಹೇಳಿದರೂ, ಕೊನೆಗೆ ಯಾರಾದರೊಬ್ಬರು ಇದನ್ನು ಕೇಳಿಯೇ ಕೇಳುತ್ತಾರೆ. "ಏಟು ತಿಂದರು, ಅರೆಹೊಟ್ಟೆಯಲ್ಲಿ ದುಡಿದರು ಅಂತೀರಿ. ಬಂದರಿನಲ್ಲಿ ಅಧಿಕಾರಿಗಳಿದ್ದರು, ಕಾನೂನೂ ಇತ್ತು. ಹೋಗಿ ದೂರು ಕೊಡಬಹುದಿತ್ತಲ್ವಾ?"

ದೂರು ಕೊಟ್ಟರು. ಮತ್ತೆ ಮತ್ತೆ ಕೊಟ್ಟರು. ಆದರೆ ಅದನ್ನು ಕೇಳಿಸಿಕೊಳ್ಳಲು ಕೂತವರು ಯಾರು, ಅವರ ಕೆಲಸ ಏನಾಗಿತ್ತು ಅನ್ನುವುದನ್ನು ನೋಡಬೇಕು.

ಈ ನಾವಿಕರನ್ನು ಇಂಗ್ಲಿಷರು ಲಸ್ಕರ್ ಎಂದು ಕರೆದರು. ನಾವು ಸೈನ್ಯಕ್ಕೆ ಲಷ್ಕರ ಅನ್ನುತ್ತೇವಲ್ಲ, ಅದೇ ಪದ. ಡೆಕ್ಕಿನ ಆಳುಗಳಿಗೆ ಸೇರಂಗ್ ಯಜಮಾನ. ಅವನ ಕೈಕೆಳಗೆ ತಾಂಡೇಲ, ಅಡುಗೆಗೆ ಭಂಡಾರಿ. ಮಲ್ಪೆಯಲ್ಲಿ ಇವತ್ತಿಗೂ ಮೀನು ಹಿಡಿಯುವ ಬೋಟಿನ ಮುಖ್ಯಸ್ಥನನ್ನು ತಾಂಡೇಲ ಅಂತಲೇ ಕರೆಯುತ್ತಾರೆ. ಹಾಗಾಗಿ ಈ ಕಥೆ ನನಗೆ ದೂರದ್ದು ಅನ್ನಿಸುವುದೇ ಇಲ್ಲ.

1782ರಲ್ಲೇ ಲಂಡನ್ನಿನ ಲೆಡನ್‌ಹಾಲ್ ಬೀದಿಯ ಈಸ್ಟ್ ಇಂಡಿಯಾ ಕಂಪನಿ ಕಚೇರಿಗೆ ಲಸ್ಕರರು ಕಷ್ಟ ಹೇಳಿಕೊಂಡು ಬಂದದ್ದು ಕಂಪನಿಯ ದಾಖಲೆಯಲ್ಲಿದೆ. ಅವರು ಅಲ್ಲಿ ಸಿಕ್ಕಿಬಿದ್ದದ್ದಕ್ಕೆ ಕಾನೂನೇ ಕಾರಣ. ಬ್ರಿಟಿಷ್ ಹಡಗಿನ ನಾವಿಕರಲ್ಲಿ ನಾಲ್ಕರಲ್ಲಿ ಮೂರು ಪಾಲು ಬ್ರಿಟಿಷರೇ ಇರಬೇಕು ಅನ್ನುವ ನಿಯಮ 1660ರಿಂದ ಇತ್ತು. ಇಲ್ಲಿಂದ ಹೊರಡುವಾಗ ಬಿಳಿಯ ನಾವಿಕರು ಸಾಕಾಗುತ್ತಿರಲಿಲ್ಲ, ಲಸ್ಕರರನ್ನು ತುಂಬಿಕೊಳ್ಳುತ್ತಿದ್ದರು. ವಾಪಸು ಬರುವಾಗ ಅವರು ಬೇಡ. ಸರಕು ಇಳಿಸಿದ ಮೇಲೆ ಅವರು ಲಂಡನ್ನಿನ ಚಳಿಯಲ್ಲಿ ತಿಂಗಳುಗಟ್ಟಲೆ ಕಾಯಬೇಕು.

ಕಂಪನಿಯ ವತಿಯಿಂದ ಅವರನ್ನು ಶಾಡ್‌ವೆಲ್ ಅನ್ನುವ ಕಡೆ ಒಂದು ಕಟ್ಟಡದಲ್ಲಿ ಇಟ್ಟಿದ್ದರು. ಅಲ್ಲಿನ ಸ್ಥಿತಿ ಎಷ್ಟು ಕೆಟ್ಟಿತ್ತೆಂದರೆ, ಕೆಲವು ಇಂಗ್ಲಿಷರೇ 1814ರಲ್ಲಿ ಸಂಘ ಕಟ್ಟಿಕೊಂಡು ದನಿ ಎತ್ತಿದರು. ಪಾರ್ಲಿಮೆಂಟಿನ ಸಮಿತಿ ವಿಚಾರಣೆ ನಡೆಸಿತು. ಮಲಗಲು ಹಾಸಿಗೆ ಕೂಡ ಇರಲಿಲ್ಲ. ಈ ಗಲಾಟೆಯ ನಂತರ, 1823ರಲ್ಲಿ, ಒಂದು ಕಾನೂನು ಬಂತು. ಹಡಗಿನ ಮಾಲೀಕರು ಲಸ್ಕರರನ್ನು ನೋಡಿಕೊಂಡು ಊರಿಗೆ ಕಳಿಸಬೇಕು ಅಂದಿತು. ಅದೇ ಕಾನೂನು ಇನ್ನೊಂದು ಮಾತನ್ನೂ ಹೇಳಿತು: ಬ್ರಿಟಿಷರ ಆಳ್ವಿಕೆಯ ನೆಲದಲ್ಲೇ ಹುಟ್ಟಿದ್ದರೂ ಲಸ್ಕರರು ಬ್ರಿಟಿಷ್ ನಾವಿಕರ ಲೆಕ್ಕಕ್ಕೆ ಬರುವುದಿಲ್ಲ. ಇದನ್ನು ಮೊದಲ ಸಲ ಓದಿದಾಗ ನನಗೆ ತುಂಬ ನೋವಾಯಿತು. ಹೊಟ್ಟೆಗೆ ಹಾಕಿ ಊರಿಗೆ ಕಳಿಸಿ, ಆದರೆ ಸರಿಸಮ ಅಂತ ಎಣಿಸಬೇಡಿ ಅಂದ ಹಾಗಾಯಿತು.

ಇನ್ನು ನಮ್ಮ ಕಡೆಯ ಬಂದರುಗಳು. 1859ರ ಕಾನೂನಿನ ಪ್ರಕಾರ ಬಾಂಬೆ, ಕಲ್ಕತ್ತದಂಥ ಬಂದರುಗಳಲ್ಲಿ ಶಿಪ್ಪಿಂಗ್ ಮಾಸ್ಟರ್ ಅನ್ನುವ ಅಧಿಕಾರಿ ಇದ್ದ. ನಾವಿಕ ಕರಾರಿಗೆ ಹೆಬ್ಬೆಟ್ಟು ಒತ್ತುವುದು, ಪಯಣ ಮುಗಿದ ಮೇಲೆ ಲೆಕ್ಕ ಚುಕ್ತಾ ಮಾಡಿಸಿಕೊಳ್ಳುವುದು ಅವನೆದುರೇ. ಕೇಳಲು ಚೆನ್ನಾಗಿದೆ. ಆದರೆ ಅವನ ಮೇಜಿನ ಮೇಲೆ ಇದ್ದದ್ದು ಕಪ್ತಾನ ಬರೆದ ಲಾಗ್ ಪುಸ್ತಕ. ಯಾರು ಯಾವ ತಪ್ಪು ಮಾಡಿದರು, ಎಷ್ಟು ದಂಡ, ಎಲ್ಲ ಅದರಲ್ಲಿ. ಏಟು ತಿಂದವನ ಕಡೆಯಿಂದ ಬರೆದ ಪುಸ್ತಕ ಇರಲಿಲ್ಲ. ಮತ್ತೆ ಅದೇ ಕರಾರನ್ನು ನಾವಿಕ ಮುರಿದು ಹಡಗು ಬಿಟ್ಟು ಓಡಿದರೆ ಅದು ಅಪರಾಧ. ಜೈಲು, ಜೊತೆಗೆ ಸಂಬಳವೂ ಹೋಯಿತು. ಇವತ್ತು ನಾವು ಕೆಲಸ ಬಿಟ್ಟರೆ ಹೆಚ್ಚೆಂದರೆ ನೋಟಿಸ್ ಅವಧಿಯ ಸಂಬಳ ಹೋಗುತ್ತದೆ ಅಲ್ವಾ?

ಕಚೇರಿಯ ಹೊರಗಿನ ಹಿಡಿತ ಇನ್ನೂ ಬಿಗಿ. ಕೆಲಸ ಸಿಗಬೇಕಾದರೆ ಸೇರಂಗನಿಗೆ ದುಡ್ಡು ಕೊಡಬೇಕು. ಕೆಲಸ ಸಿಗುವವರೆಗೆ ಉಳಿದುಕೊಂಡ ಮನೆಯಲ್ಲೂ ಸಾಲ. ಮುಂಗಡ ಕೈಗೆ ಬರುವ ಮೊದಲೇ ಖಾಲಿ. ಇಂಥವನು ದೂರು ಕೊಟ್ಟು ಒಂದು ಸಲ ಗೆದ್ದ ಅಂತಲೇ ಇಟ್ಟುಕೊಳ್ಳಿ. ಮುಂದಿನ ಹಡಗಿಗೆ ಅವನನ್ನು ಕರೆಯುವವರು ಯಾರು? ಊರಲ್ಲಿ ಹೆಂಡತಿ ಮಕ್ಕಳು ಕಾಯುತ್ತಿರುವಾಗ ಸುಮ್ನಿರುವುದನ್ನು ಹೇಡಿತನ ಅನ್ನಲು ನನಗೆ ಬಾಯಿ ಬರುವುದಿಲ್ಲ.

ಹಡಗಿನಲ್ಲಿ ನಾವಿಕನಿಗೆ ಇರಲು ಕೊಡುತ್ತಿದ್ದ ಜಾಗದ ಲೆಕ್ಕ ಒಂದನ್ನು ಹೇಳಲೇಬೇಕು. 1890ರ ದಶಕದ ನಿಯಮದಂತೆ ಬಿಳಿಯ ನಾವಿಕನಿಗೆ 72 ಘನ ಅಡಿ, ಲಸ್ಕರನಿಗೆ 36. ಅಂದರೆ ಆರಡಿ ಉದ್ದ, ಎರಡಡಿ ಅಗಲ, ಮೂರಡಿ ಎತ್ತರ. 1906ರಲ್ಲಿ ಬಿಳಿಯರದ್ದು 120ಕ್ಕೆ ಏರಿತು. ಇದು ಕಪ್ತಾನ ಕದ್ದುಮುಚ್ಚಿ ಮಾಡಿದ ಅನ್ಯಾಯ ಅಲ್ಲ, ಅಚ್ಚಾದ ನಿಯಮ. ಇದರ ಮೇಲೆ ಯಾವ ಅಧಿಕಾರಿಗೆ ದೂರು ಕೊಡುವುದು?

ಒಳ್ಳೆಯ ಮನಸ್ಸಿನವರೂ ಇದ್ದರು. 1857ರಲ್ಲಿ ಲಂಡನ್ನಿನ ಲೈಮ್‌ಹೌಸ್‌ನಲ್ಲಿ ಇಂಥ ನಾವಿಕರಿಗಾಗಿ ಒಂದು ವಸತಿಗೃಹ ತೆರೆಯಿತು. ಕಟ್ಟಿಸಲು ಪಂಜಾಬಿನ ಕೊನೆಯ ಸಿಖ್ ಮಹಾರಾಜ ದುಲೀಪ್ ಸಿಂಗ್ ಕೂಡ ಹಣ ಕೊಟ್ಟಿದ್ದ. ಅಲ್ಲಿ ಎಷ್ಟೋ ಜನರ ಜೀವ ಉಳಿದಿರಬೇಕು. ಆದರೆ ಅದು ದಾನ, ಹಕ್ಕಲ್ಲ.

ದೂರಿನಿಂದ ಏನೂ ಆಗದಿದ್ದಾಗ ಅವರು ಬೇರೆ ದಾರಿ ಹಿಡಿದರು. ಎಷ್ಟೋ ಜನ ಜೈಲಿನ ಭಯ ಇದ್ದರೂ ಹಡಗಿನಿಂದ ಇಳಿದು ಹೋಗಿ ಲಂಡನ್, ಕಾರ್ಡಿಫ್‌ನಲ್ಲಿ ಮರೆಯಾದರು. 1939ರ ಸೆಪ್ಟೆಂಬರಿನಲ್ಲಿ ಯುದ್ಧ ಶುರುವಾದಾಗ ಇನ್ನೂ ದೊಡ್ಡದು ನಡೆಯಿತು. ಬಿಳಿಯ ನಾವಿಕರ ಸಂಬಳಕ್ಕೆ ಹೋಲಿಸಿದರೆ ಲಸ್ಕರರದ್ದು ತೀರಾ ಕಡಿಮೆ. ಟಾರ್ಪೆಡೊ ಮಾತ್ರ ಇಬ್ಬರಿಗೂ ಒಂದೇ. ಸಂಬಳ ಏರಿಸದೆ ಹಡಗು ಹತ್ತುವುದಿಲ್ಲ ಅಂತ ಅವರು ಒಂದೊಂದೇ ಬಂದರಿನಲ್ಲಿ ಕೂತುಬಿಟ್ಟರು. ಅಧಿಕಾರಿಗಳ ಮೊದಲ ಉತ್ತರ ಹಳೆಯದೇ: ಕರಾರು ಮುರಿದಿದ್ದೀರಿ, ನಡೀರಿ ಜೈಲಿಗೆ. ಬ್ರಿಟನ್ನಿನಲ್ಲೇ ನೂರಾರು ಜನರಿಗೆ ಶಿಕ್ಷೆಯಾಯಿತು. ಆದರೆ ಜೈಲಿನಲ್ಲಿ ಕೂತವರಿಂದ ಹಡಗು ನಡೆಸಲು ಆಗುವುದಿಲ್ಲವಲ್ಲ. ಮಾತುಕತೆಗೆ ಬರಬೇಕಾಯಿತು, ಸಂಬಳ ಏರಿಸಬೇಕಾಯಿತು. ಆ ಯುದ್ಧ ಮುಗಿಯುವ ಹೊತ್ತಿಗೆ ಸುಮಾರು 6,600 ಭಾರತೀಯ ನಾವಿಕರು ಪ್ರಾಣ ಕಳೆದುಕೊಂಡಿದ್ದರು.