ಕಲ್ಲು ಇದ್ದಂಗೈತೆ ನೋಡಣ್ಣ

ಸೋಮವಾರ ಬೆಳಿಗ್ಗೆ ಶ್ರೀನಿವಾಸಪುರ ರಸ್ತೆಯಲ್ಲಿ ಹಂಪ್ ದಾಟಿದ ಕೂಡಲೇ ಒಂದು ಪಿಕಪ್ ಪಕ್ಕಕ್ಕೆ ನಿಂತಿತ್ತು. ಹಿಂದೆ ಟ್ರೇಲರ್, ಅದರ ಮೇಲೆ 14 ಅಡಿಯ ಫೈಬರ್ ದೋಣಿ. ದೋಣಿಯ ಹಿಂಭಾಗ ಟ್ರೇಲರಿನಿಂದ ಎರಡು ಗೇಣು ಆಚೆ ಬಂದಿತ್ತು. ಅದರ ಬೆನ್ನಿಗೇ ಬರುತ್ತಿದ್ದ ಸ್ಕೂಟರಿನ ಹೆಂಗಸು ಬ್ರೇಕ್ ಬಿಡದೆ ಹಾಗೇ ನಿಂತಿದ್ದರು, ಮುಂದೆ ನಿಲ್ಲಿಸಿಕೊಂಡ ಮಗುವನ್ನು ಒಂದು ಕೈಯಲ್ಲಿ ಒತ್ತಿ ಹಿಡಿದು.

ಡ್ರೈವರ್ ಹುಡುಗ ಹಗ್ಗವನ್ನು ತಟ್ಟಿ ತೋರಿಸಿದ. "ಕಲ್ಲು ಇದ್ದಂಗೈತೆ ನೋಡಣ್ಣ. ಹೆಂಗೆ ಜರುಗ್ತೋ!"

ನಾನೂ ಕೈ ಹಾಕಿ ನೋಡಿದೆ. ಕಲ್ಲಿನ ಹಾಗೇ ಇತ್ತು. ಈ ವಾರವೆಲ್ಲ ಆ ಮಾತು ತಲೆಯಿಂದ ಹೋಗಿಲ್ಲ. ಯಾಕೆಂದರೆ ಅವನು ಹೇಳಿದ್ದು ಸುಳ್ಳಲ್ಲ. ದೋಣಿಯ ಅಂಚು ಮೂತಿಯ ಕಡೆಗೆ ಏರುತ್ತಾ ಹೋಗುತ್ತದೆ. ಅವನು ಹಗ್ಗ ಹಾಕಿದ್ದು ನಡುವಿನಿಂದ ಸ್ವಲ್ಪ ಮುಂದೆ, ಒಂದೇ ಸುತ್ತು. ದೋಣಿ ಹಿಂದಕ್ಕೆ ಸರಿದಷ್ಟೂ ಎತ್ತರದ ಅಂಚು ಹಗ್ಗದ ಕೆಳಗೆ ಬಂತು, ಹಗ್ಗ ಇನ್ನಷ್ಟು ಬಿಗಿಯಾಯಿತು. ಅವನು ಕೈಯಿಂದ ಮುಟ್ಟಿ ನೋಡಿದ ಬಿಗಿ ಜರುಗಿದ್ದರಿಂದಲೇ ಬಂದ ಬಿಗಿ.

ಹುಡುಗ ಬೇಜವಾಬ್ದಾರಿಯವನಲ್ಲ. ಕೋಲಾರದ ಎಪಿಎಂಸಿಯಿಂದ ಟೊಮ್ಯಾಟೊ ಲೋಡು ಹೊಡೆಯುವವನು, ಗಂಟು ಹಾಕುವುದರಲ್ಲಿ ಪಳಗಿದ ಕೈ. 15 ಕೆಜಿಯ ಕ್ರೇಟುಗಳು ಒಂದರ ಮೇಲೊಂದು ಕಚ್ಚಿಕೊಂಡು ಕೂರುತ್ತವೆ, ಸುತ್ತ ಬಾಡಿಯ ತಗಡು ಇರುತ್ತದೆ. ಮೇಲಿನಿಂದ ಕೆಳಕ್ಕೆ ಅದುಮುವ ಹಗ್ಗ ಅಲ್ಲಿ ಸಾಕು. ದೋಣಿಯ ತಳ ದುಂಡಗೆ, ನುಣ್ಣಗೆ, ಕೆರೆಯಿಂದ ಎತ್ತಿದಾಗ ಒದ್ದೆ. ಹಂಪ್ ಮೇಲೆ ಟ್ರೇಲರ್ ಎಗರಿ ಬೀಳುವಾಗ ಅರೆಕ್ಷಣ ಅದರ ಭಾರ ಹಗುರಾಗುತ್ತದೆ. ಆಗಲೇ ಗಾಡಿ ಮುಂದಕ್ಕೆ ಎಳೆದರೆ ದೋಣಿ ಇದ್ದಲ್ಲೇ ಉಳಿಯುತ್ತದೆ, ಟ್ರೇಲರ್ ಕೆಳಗಿನಿಂದ ಜಾರಿಕೊಳ್ಳುತ್ತದೆ. ನನಗೆ ಸಿಟ್ಟು ಬಂದದ್ದು ದೋಣಿಯ ಮಾಲೀಕರ ಮೇಲೆ. ದೋಣಿಗೆ ಅಷ್ಟು ದುಡ್ಡು ಸುರಿದವರು ಬೆಲ್ಟಿಗೆ ಬಂದಾಗ "ಇರೋ ಹಗ್ಗದಲ್ಲೇ ಕಟ್ಟು" ಎಂದರಂತೆ. ಕೆ.ಸಿ. ವ್ಯಾಲಿ ನೀರು, ಅಂದರೆ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು, 2018ರಿಂದ ಬರತೊಡಗಿದ ಮೇಲೆ ಇಲ್ಲಿನ ಎಷ್ಟೋ ಒಣ ಕೆರೆಗಳಲ್ಲಿ ದೋಣಿ ಆಡುವಷ್ಟು ನೀರು ನಿಂತಿದೆ. ದೋಣಿ ಕೆರೆಯಿಂದ ಕೆರೆಗೆ ಹೋಗಬೇಕಾದರೆ ಅದಕ್ಕೂ ರಸ್ತೆಯೇ ಗತಿ, ಆ ರಸ್ತೆಯಲ್ಲಿ ಸ್ಕೂಟರುಗಳೂ ಇರುತ್ತವೆ.

ಹಗ್ಗದ ವಿಷಯ ಮೊದಲು. ಅಂಗಡಿಯಲ್ಲಿ ನೈಲಾನ್ ಹಗ್ಗ ಎಂದು ಕೊಡುವ ಹಸಿರು, ನೀಲಿ, ಹಳದಿ ಹಗ್ಗ ಬಹುಪಾಲು ನೈಲಾನೇ ಅಲ್ಲ, ಪಾಲಿಪ್ರೊಪಿಲೀನಿನಂಥ ಪ್ಲಾಸ್ಟಿಕ್. ಒಂದು ತುಂಡು ಕತ್ತರಿಸಿ ಬಕೆಟ್ ನೀರಿಗೆ ಹಾಕಿ: ತೇಲಿದರೆ ಅದು ನೈಲಾನ್ ಅಲ್ಲ, ನೈಲಾನ್ ಮುಳುಗುತ್ತದೆ. ತೇಲುವ ಹಗ್ಗ ಬಿಗಿದಿಟ್ಟರೆ ನಿಧಾನಕ್ಕೆ ಉದ್ದವಾಗುತ್ತಲೇ ಹೋಗುತ್ತದೆ, ಬಿಸಿಲಿಗೆ ಪುಡಿಪುಡಿಯಾಗುತ್ತದೆ. ನಿಜವಾದ ನೈಲಾನ್ ಗಟ್ಟಿ, ಆದರೆ ಹಿಗ್ಗುವುದು ಜಾಸ್ತಿ, ನೆನೆದರೆ ಇನ್ನೂ ಜಾಸ್ತಿ. ದೋಣಿಗೆ ಬೇಕಾದದ್ದು ಹಿಡಿ ಆಡಿಸಿ ಬಿಗಿಸುವ, ಪಾಲಿಯೆಸ್ಟರ್ ಪಟ್ಟಿಯ ರ‍್ಯಾಚೆಟ್ ಬೆಲ್ಟ್. ಯುರೋಪಿನ ಇಎನ್ 12195-2 ಪ್ರಕಾರ ಮಾಡಿದ ಬೆಲ್ಟಾದರೆ ಚೀಟಿಯ ಬಣ್ಣದಲ್ಲೇ ಗೊತ್ತಾಗುತ್ತದೆ. ನೀಲಿ ಪಾಲಿಯೆಸ್ಟರ್, ಹಸಿರು ನೈಲಾನ್, ಕಂದು ಪಾಲಿಪ್ರೊಪಿಲೀನ್. ಚೀಟಿಯೇ ಇಲ್ಲದ ಬೆಲ್ಟನ್ನು ಅಂಗಡಿಯವರು ಎಷ್ಟೇ ಹೊಗಳಲಿ, ವಾಪಸ್ ಕೊಡಿ.

"5 ಟನ್ ಬೆಲ್ಟ್" ಎನ್ನುವ ಮಾತನ್ನೂ ಹಾಗೇ ನಂಬಬೇಡಿ. 50 ಮಿಮೀ ಪಟ್ಟಿಯ ಮೇಲಿನ ಆ 5 ಟನ್ ಸಾಮಾನ್ಯವಾಗಿ ಅದು ಹರಿಯುವ ಲೆಕ್ಕ. ನೇರ ಎಳೆತಕ್ಕೆ ನಂಬಬಹುದಾದದ್ದು ಎಲ್‌ಸಿ (ಲ್ಯಾಶಿಂಗ್ ಕೆಪಾಸಿಟಿ) ಎಂದು ಅಚ್ಚಾದ ಅಂಕಿ, 2500 ಡಿಎಎನ್ (ಬಲದ ಅಳತೆ) ಎಂದಿದ್ದರೆ ಸುಮಾರು 2500 ಕೆಜಿ. ಈ ದೋಣಿಗೆ ಅಷ್ಟು ಬೇಡವೇ ಬೇಡ. ಬಲೆ, ಪೆಟ್ಟಿಗೆ ಸೇರಿ 250 ಕೆಜಿ ಎಂದುಕೊಂಡರೂ, ಜೋರು ಬ್ರೇಕಿಗೆ ಭಾರದ 0.8ರಷ್ಟು, ಅಂದರೆ 200 ಕೆಜಿ ಮುಂದಕ್ಕೆ ನುಗ್ಗುತ್ತದೆ. ಹಿಂದಕ್ಕೂ ಪಕ್ಕಕ್ಕೂ ಭಾರದ ಅರ್ಧ, 125 ಕೆಜಿ. ಎಲ್‌ಸಿ 500 ಇರುವ 25 ಮಿಮೀ ಬೆಲ್ಟ್ ದೋಣಿಯ ಹಿಂಭಾಗಕ್ಕೆ ಎರಡು, ಮೂತಿಗೆ ಒಂದು ಇದ್ದರೆ ಸಾಕು. ದೊಡ್ಡ ಹಿಡಿಯ 50 ಮಿಮೀ ರ‍್ಯಾಚೆಟ್ ಹಾಕಿ ಮೈಬಲವೆಲ್ಲ ಬಿಟ್ಟರೆ ಫೈಬರಿನ ಮೇಲ್ಪದರ ಜೇಡನ ಬಲೆಯ ಹಾಗೆ ಸೀಳುತ್ತದೆ.

ಮೂತಿಗೆ ಸಿಕ್ಕಿಸುವ ವಿಂಚ್ (ಟ್ರೇಲರಿನ ಮುಂದಿನ ಹಿಡಿಯ ರಾಟೆ) ಪಟ್ಟಿ ದೋಣಿಯನ್ನು ಟ್ರೇಲರಿನ ಮೇಲಕ್ಕೆ ಎಳೆಯುವುದಕ್ಕೆ, ರಸ್ತೆಯಲ್ಲಿ ಹಿಡಿದಿಡುವುದಕ್ಕಲ್ಲ. ಅದರ ಹಲ್ಲು ಜಾರಿದರೆ ಮುಗಿಯಿತು. ಮೂತಿಯ ಕಬ್ಬಿಣದ ಕಣ್ಣಿಗೆ ಬೇರೆ ಬೆಲ್ಟ್ ಹಾಕಿ, ಮುಂದಕ್ಕೂ ಕೆಳಕ್ಕೂ ಎಳೆಯುವಂತೆ ಫ್ರೇಮಿಗೆ ಕಟ್ಟಬೇಕು, ಜೊತೆಗೊಂದು ಚೈನು. ಹಿಂದಿನ ಎರಡು ಬೆಲ್ಟುಗಳು ದೋಣಿಯ ಹಿಂಗೋಡೆಯ ಕಣ್ಣುಗಳಿಂದ ಕೆಳಕ್ಕೆ, ಸ್ವಲ್ಪ ಮುಂದಕ್ಕೆ ಹೋಗಬೇಕು. ಆಗ ಮೂತಿ ಮುಂದಿನ ವಿ ಆಕಾರದ ರಬ್ಬರಿಗೆ ಒತ್ತಿಕೊಂಡೇ ಇರುತ್ತದೆ. ಮೂರು ಬೆಲ್ಟಿನ ಕೆಲಸವೂ ಇದೇ, ಮೂತಿಯನ್ನು ಆ ರಬ್ಬರಿನಿಂದ ಬಿಡಿಸದೆ ಇಡುವುದು.

ಕೆಳಗೆ ಕೊಕ್ಕೆ ಎಲ್ಲಿಗೆ? ಮಡ್‌ಗಾರ್ಡಿಗೆ, ಲೈಟಿನ ಪಟ್ಟಿಗೆ, ದೋಣಿ ಕೂರುವ ಮರದ ಹಲಗೆಗೆ ಬೇಡ. ಮುಖ್ಯ ಚಾನೆಲ್ಲಿಗೆ 12 ಮಿಮೀ ಸರಳಿನ ರಿಂಗ್ ಇಟ್ಟು ಸುತ್ತಲೂ ವೆಲ್ಡ್ ಮಾಡಿಸಿ. ಎರಡು ಚುಕ್ಕೆ ಇಟ್ಟು ಬಿಡುವ ವೆಲ್ಡಿಂಗ್ ಒಪ್ಪಬೇಡಿ. ಕೊಕ್ಕೆಗೆ ಬಾಯಿ ಮುಚ್ಚುವ ನಾಲಿಗೆ ಇರಲಿ. ತೆರೆದ ಎಸ್ ಕೊಕ್ಕೆ ಬೆಲ್ಟ್ ಅರೆಕ್ಷಣ ಸಡಿಲಾದರೂ ಕಳಚಿ ಬೀಳುತ್ತದೆ.

ಪಟ್ಟಿಯನ್ನು ರ‍್ಯಾಚೆಟ್ಟಿನ ನಡುಕಡ್ಡಿಯ ಸೀಳಿಗೆ ತೂರಿಸಿ, ಜೊಲ್ಲುವ ಭಾಗವನ್ನೆಲ್ಲ ಮೊದಲು ಕೈಯಲ್ಲೇ ಎಳೆದು ತೆಗೆಯಿರಿ. ಆಮೇಲೆ ಹಿಡಿ ಆಡಿಸಿದರೆ ಕಡ್ಡಿಯ ಮೇಲೆ ಎರಡು ಮೂರು ಸುತ್ತು ಕೂರಬೇಕು. ಒಂದೂವರೆಗಿಂತ ಕಡಿಮೆ ಇದ್ದರೆ ಜಾರುತ್ತದೆ, ಐದಾರು ಸುತ್ತಾದರೆ ಸಿಕ್ಕಿಹಾಕಿಕೊಂಡು ಬಿಚ್ಚುವಾಗ ಅಳಿಸುತ್ತದೆ. ಪಟ್ಟಿ ಅಂಚಿಗೆ ಉಜ್ಜುವ ಕಡೆ ಹಳೆ ಟ್ಯೂಬಿನ ತುಂಡು ಇಡಿ. ಉದ್ದ ಸಾಲದೆಂದು ಗಂಟು ಹಾಕಿದರೆ ಅರ್ಧ ಬಲ ಅಲ್ಲೇ ಹೋಯಿತು. ಅಗಲದ ಹತ್ತನೇ ಒಂದು ಭಾಗ ಸೀಳಿದ್ದರೂ ಆ ಬೆಲ್ಟನ್ನು ಕತ್ತರಿಸಿ ಎಸೆಯಿರಿ. ಸುಮ್ಮನೆ ಮೂಲೆಗಿಟ್ಟರೆ ಅವಸರದ ದಿನ ಯಾರೋ ಅದನ್ನೇ ಎತ್ತಿಕೊಳ್ಳುತ್ತಾರೆ.

ಎರಡು ಗೇಣು ಜರುಗಿದ್ದು ನೋಡಲು ಸಣ್ಣದು. ಆದರೆ ದೋಣಿ, ಟ್ರೇಲರ್ ಸೇರಿ ಒಟ್ಟು ಭಾರದ 7ರಿಂದ 10 ಪ್ರತಿಶತ ಗಾಡಿಯ ಹಿಚ್ (ಟ್ರೇಲರ್ ಸಿಕ್ಕಿಸುವ ಕೊಂಡಿ) ಮೇಲೆ ಕೂತಿರಬೇಕು. ದೋಣಿ ಹಿಂದೆ ಸರಿದರೆ ಆ ಭಾರ ಇಳಿಯುತ್ತದೆ, ಟ್ರೇಲರ್ ಬಾಲ ಬೀಸತೊಡಗುತ್ತದೆ. ಸೋಮವಾರ ಆ ಹೆಂಗಸು ಬ್ರೇಕ್ ಹಿಡಿದದ್ದು ಬಾಲ ಬೀಸಿದ್ದನ್ನು ಕಂಡೇ. ದೋಣಿ ಬೀಳುವ ಮೊದಲೇ ಟ್ರೇಲರ್ ಸ್ಕೂಟರಿನ ಮೈಮೇಲೆ ಬರಬಹುದಿತ್ತು. ಒಳಗೆ ನಿಂತ ನೀರೂ ಅಷ್ಟೇ ಕೆಟ್ಟದ್ದು. ನಾಲ್ಕೈದು ಬಿಂದಿಗೆ ನೀರು ಹಿಂದೆ ಮುಂದೆ ಓಡಾಡುತ್ತಿದ್ದರೆ ಯಾವ ಬಿಗಿಯೂ ನಿಲ್ಲದು. ಹೊರಡುವ ಮೊದಲೇ ತಳದ ಬಿರಡೆ ಬಿಚ್ಚಿ ಬಸಿಯಬೇಕು.

ಅಲ್ಲೇ ನಿಂತು ಇಷ್ಟನ್ನೂ ಹುಡುಗನಿಗೆ ಹೇಳಿದೆ. ಇನ್ನೊಂದನ್ನು ಒತ್ತಿ ಹೇಳಿದೆ: ಬೆಲ್ಟ್ ಹೊಸದೇ ಇರಲಿ, ಹತ್ತು ಕಿಲೋಮೀಟರಿಗೆ ನಿಲ್ಲಿಸಿ ಕೈ ಹಾಕಿ ನೋಡು. ಮಾಲೀಕರ ಹತ್ತಿರ ಜಗಳವಾಡಿ ಮೂರು ಬೆಲ್ಟ್ ತರಿಸಿದನಂತೆ, ರಿಂಗನ್ನೂ ಹಾಕಿಸಿದನಂತೆ. ಗುರುವಾರ ದಾರಿಯಿಂದಲೇ ಫೋನ್ ಮಾಡಿದ.

"ಹತ್ ಕಿಲೋಮೀಟ್ರಿಗೆ ನಿಲ್ಸಿದೀನಣ್ಣ. ಬಲಗಡೇದು ಸರಿಯಾಗೈತೆ. ಎಡಗಡೇದು ಎರಡು ಹಲ್ಲು ಸಡ್ಲ."

"ಕೊಕ್ಕೆ ರಿಂಗಿನೊಳಗೆ ಪೂರ್ತಿ ಇಳಿದೈತಾ, ತುದಿ ಮೇಲೆ ನಿಂತೈತಾ, ಬಗ್ಗಿ ನೋಡು."

ಫೋನು ಕಿವಿಗಿಟ್ಟುಕೊಂಡೇ ಬಗ್ಗಿದ ಅಂತ ಕಾಣುತ್ತದೆ, ಲಾರಿಯೊಂದು ಹಾದುಹೋದ ಸದ್ದು ಕೇಳಿಸಿತು.

"ತುದಿ ಮೇಲೈತಣ್ಣ. ಇರು, ಬಿಚ್ಚಿ ಹಾಕ್ತೀನಿ."