ಐವತ್ತು ಮೀಟರ್ ಸಾಲದು

ಶಾಲೆ ಹತ್ತಿರದ ಬಸ್ ಸ್ಟಾಪಿಗೆ ಇವತ್ತು ಹೊಸ ಕೋಲಾ ಬೋರ್ಡು ಬಂದಿದೆ.

ಶಾಲೆ ಗೇಟಿನಿಂದ 50 ಮೀಟರ್ ಒಳಗೆ ಕೊಬ್ಬು, ಉಪ್ಪು, ಸಕ್ಕರೆ ಜಾಸ್ತಿ ಇರೋ ತಿನಿಸಿನ ಜಾಹೀರಾತು ಬೇಡ ಅಂತ ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐನ ನಿಯಮ 2020ರಲ್ಲೇ ಹೇಳಿದೆ. ಅರವತ್ತನೇ ಮೀಟರಿನಲ್ಲಿ? ಹಾಕಬಹುದು. ಮಕ್ಕಳು ಬಸ್ಸಿಗೆ ಕಾಯೋದೂ ಅಲ್ಲೇ.

ಲಂಡನ್‌ನವರು ಗೇಟಿನಿಂದ ಅಳೆಯಲಿಲ್ಲ. 2019ರ ಫೆಬ್ರವರಿಯಿಂದ ಟ್ಯೂಬ್ (ಅಲ್ಲಿನ ಮೆಟ್ರೊ), ಬಸ್ಸು, ಬಸ್ ಸ್ಟಾಪು ಎಲ್ಲದಕ್ಕೂ ಒಂದೇ ನಿಯಮ: ಜಂಕ್ ತಿನಿಸಿನ ಜಾಹೀರಾತು ಬೇಡ.

ಯಾವುದು ಜಂಕ್ ಅನ್ನೋ ಜಗಳಕ್ಕೂ ಅಲ್ಲಿ ಲೆಕ್ಕ ಇದೆ. 100 ಗ್ರಾಮಿನಲ್ಲಿರೋ ಶಕ್ತಿ, ಸ್ಯಾಚುರೇಟೆಡ್ ಕೊಬ್ಬು, ಸಕ್ಕರೆ, ಸೋಡಿಯಂಗೆ ಅಂಕ ಕೂಡಿಸ್ತಾರೆ. ಹಣ್ಣು-ತರಕಾರಿ, ನಾರು, ಪ್ರೋಟೀನ್‌ಗೆ ಕಳೀತಾರೆ. ತಿನಿಸಿಗೆ 4, ಪಾನೀಯಕ್ಕೆ 1 ಅಂಕ ಬಂದರೂ ಬೋರ್ಡಿಗೆ ಜಾಗ ಇಲ್ಲ.

ಮಾಮೂಲಿ ಕೋಲಾದಲ್ಲಿ 100 ಮಿಲಿಗೆ ಸುಮಾರು 10.6 ಗ್ರಾಂ ಸಕ್ಕರೆ. 9 ಗ್ರಾಂ ದಾಟಿದ್ದಕ್ಕೇ 2 ಅಂಕ. ಅಲ್ಲಿಗೆ ಮುಗೀತು.

ತೂತು ಇರೋದು ಬೇರೆ ಕಡೆ. ಸಕ್ಕರೆ ಇಲ್ಲದ ಕೋಲಾ ಪಾಸಾಗುತ್ತೆ. ಅದೇ ಹೆಸರು, ಅದೇ ಅಕ್ಷರ, ಮಗುವಿನ ಕಣ್ಣಿಗೆ ಅದೇ ಬಾಟಲಿ. ಈ ವಿನಾಯಿತಿ ನನಗೆ ಒಪ್ಪಿಗೆಯಿಲ್ಲ.

ಆದರೂ ಫಲ ಸಿಕ್ಕಿದೆ. ನಿಯಮ ಇಲ್ಲದಿದ್ದರೆ ಆಗ್ತಿದ್ದಕ್ಕಿಂತ ಇಂಥ ತಿನಿಸಿನ ಖರೀದಿ ಮನೆಯೊಂದಕ್ಕೆ ವಾರಕ್ಕೆ ಸುಮಾರು 1000 ಕ್ಯಾಲರಿಯಷ್ಟು ಕಡಿಮೆ ಅಂತ 2022ರ ಅಧ್ಯಯನದ ಅಂದಾಜು. ಜಾಹೀರಾತಿನ ಆದಾಯ ಮೊದಲ ವರ್ಷ ಕುಸಿಯಲೂ ಇಲ್ಲ.

ಪಾಲಿಕೆಗಳು ಇಂಥ ಷರತ್ತನ್ನ ಜಾಹೀರಾತು ಟೆಂಡರಿನಲ್ಲೇ ಬರೀಬೇಕು. ವರ್ಷಗಟ್ಟಲೆ ಒಪ್ಪಂದಕ್ಕೆ ಸಹಿ ಬಿದ್ದಮೇಲೆ ಸೇರಿಸೋದು ಬಲು ಕಷ್ಟ.