ಹೊಸ್ತಿಲ ಮೇಲೆ ಮಲಗುವ ಆಯಿ

ಭಾನುವಾರ ಸಂಜೆ ಹನುಮಪ್ಪನ ಗುಡಿಯ ಕಟ್ಟೆ ಹತ್ತಿರ ಆಯಿ ಹೇಳಿದ ಮಾತು ಇನ್ನೂ ಕಿವಿಯಲ್ಲೇ ಇದೆ.

"ರಾತ್ರಿ ನಾ ಹೊಸ್ತಿಲ ಮ್ಯಾಲ ಮಲಕೋತೀನ್ರಿ. ನನ್ನ ದಾಟಿ ಅಂವ ಹೊರಗ ಬರೂದಿಲ್ಲ."

ಆಯಿಗೆ ಎಪ್ಪತ್ತು ದಾಟಿದೆ. ಮೊಣಕಾಲು ನೋವು, ಕೂತರೆ ಏಳಲು ಒಬ್ಬರು ಕೈ ಕೊಡಬೇಕು. ನಮ್ಮ ರೊಟ್ಟಿ ಕೇಂದ್ರದಲ್ಲಿ ಒಂಬತ್ತು ವರ್ಷದಿಂದ ಖಡಕ್ ರೊಟ್ಟಿ ಬಡಿಯುತ್ತಾಳೆ. ಮಗ ಇದ್ದಾನೆ ಅಂತ ಗೊತ್ತಿತ್ತು. "ಪುಣೇದಾಗ ದುಡೀತಾನ" ಅಂತಿದ್ದಳು. ಅವನು ಇದ್ದದ್ದು ಪುಣೆಯಲ್ಲಲ್ಲ, ಇಲ್ಲೇ ಧಾರವಾಡದ ಸೆಂಟ್ರಲ್ ಜೈಲಿನಲ್ಲಿ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯಕ್ಕೆ ಹಾಕುವ ಪೋಕ್ಸೊ ಕೇಸು, ಹತ್ತು ವರ್ಷ ಶಿಕ್ಷೆ. ಹೋದ ವಾರ ಬಿಡುಗಡೆಯಾಗಿ ಅವ್ವನ ಬಾಡಿಗೆ ಮನೆಗೆ ಬಂದ. ಎರಡೇ ದಿನದಲ್ಲಿ ಓಣಿಗೆಲ್ಲ ಗೊತ್ತಾಯಿತು.

ನನಗೆ ಮೊದಲು ಬಂದದ್ದು ಸಿಟ್ಟು. ನನ್ನ ಮಗಳು ಆರನೇ ಕ್ಲಾಸು. ಸಾಲಿ ಬಿಟ್ಟ ಮೇಲೆ ಆಯಿಯ ಒಲೆ ಪಕ್ಕ ಕೂತು ಬಿಸಿ ರೊಟ್ಟಿಗೆ ಶೇಂಗಾ ಚಟ್ನಿ ಹಚ್ಚಿಕೊಂಡು ತಿನ್ನುವ ಹುಡುಗಿ. ಎಷ್ಟೋ ಸಲ ಆಯಿಯ ಮನೆಗೂ ಹೋಗಿದ್ದಾಳೆ. ಒಂಬತ್ತು ವರ್ಷ ನನಗೆ ಸುಳ್ಳು ಹೇಳಿದಳಲ್ಲ ಅಂತ ಹೊಟ್ಟೆ ಉರಿಯಿತು.

ಕಟ್ಟೆ ಹತ್ತಿರ ನಲವತ್ತು ಜನ ಸೇರಿದ್ದರು. ಆ ಮನೆಯ ಮಾಲಕರು "ನಾಳೆ ಸಂಜಿಯೊಳಗ ಖಾಲಿ ಮಾಡ್ರಿ" ಅಂದರು. ಅವರು ಕೆಟ್ಟವರಲ್ಲ. ಕೊರೊನಾ ಕಾಲದಲ್ಲಿ ಎರಡು ತಿಂಗಳು ಯಾರ ಹತ್ತಿರವೂ ಬಾಡಿಗೆ ಕೇಳಲಿಲ್ಲ. ಅವರಿಗೂ ಎರಡು ಮೊಮ್ಮಕ್ಕಳಿವೆ. ಆದರೆ ಮುಂದೆ ನಿಂತು ಮೊಬೈಲಿನಲ್ಲಿ ವಿಡಿಯೊ ಮಾಡುತ್ತಿದ್ದ ಹುಡುಗನನ್ನು ನೋಡಿ ನನಗೆ ಮೈ ಉರಿಯಿತು. ರಂಗಪಂಚಮಿ ದಿನ ನಮ್ಮಲ್ಲಿ ಕೆಲಸ ಮಾಡುವ ಹುಡುಗಿಯರನ್ನು ತಡೆದು, ಬಣ್ಣದ ನೆಪದಲ್ಲಿ ಮೈಮೇಲೆ ಕೈ ಹಾಕಿದವನು ಅವನೇ. ಆ ಹುಡುಗಿಯರು ಅಳುತ್ತಾ ಬಂದ ದಿನ ಯಾರೂ ಕಟ್ಟೆ ಹತ್ತಿರ ಸೇರಲಿಲ್ಲ.

"ಅವನ ಊರಿಗೆ ಕಳಿಸ್ರಿ" ಅಂತ ಯಾರೋ ಹೇಳಿದರು. ಎಲ್ಲರೂ ಹೌದು ಹೌದು ಅಂದರು. ನಾನೂ ಅಂದೆ.

ಆಯಿ ತಲೆ ಎತ್ತಲಿಲ್ಲ. "ಊರಾಗ ಆ ಹುಡುಗಿ ಅದಾಳ್ರಿ" ಅಂದಳು.

ಒಂದು ಗಳಿಗೆ ಎಲ್ಲರೂ ಸುಮ್ಮನಾದರು. ನಲವತ್ತು ಜನರಲ್ಲಿ ಒಬ್ಬರಿಗೂ ಆ ಹುಡುಗಿ ನೆನಪಾಗಿರಲಿಲ್ಲ. ನಮ್ಮ ಓಣಿ ಸ್ವಚ್ಛ ಆದರೆ ಸಾಕು ಅಂತ, ಅವನನ್ನು ಅವಳ ಮನೆ ಮುಂದೆಯೇ ತಂದು ನಿಲ್ಲಿಸಲು ಹೊರಟಿದ್ದೆವು. ಆಯಿ ಊರು ಬಿಟ್ಟು ಹುಬ್ಬಳ್ಳಿಗೆ ಬಂದದ್ದೂ ಅದಕ್ಕೇ ಅಂತೆ. ಆಮೇಲೆ ಯಾರೋ "ಎಲ್ಲೆರೆ ಹೋಗ್ಲಿ ಬಿಡ್ರಿ, ಇಲ್ಲಂತೂ ಬ್ಯಾಡ" ಅಂದರು. ಆಗಲೇ ಆಯಿ ಹೊಸ್ತಿಲಿನ ಮಾತು ಹೇಳಿದ್ದು.

ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಎಲ್ಲೆರೆ ಅಂದರೆ ಎಲ್ಲಿ? ನಮ್ಮ ಸಿದ್ಧಾರೂಢ ಸ್ವಾಮೀಜಿ ರೈಲು ನಿಲ್ದಾಣದ ಪ್ಲಾಟ್‌ಫಾರ್ಮ್ 1,507 ಮೀಟರ್ ಉದ್ದ, ಜಗತ್ತಿನಲ್ಲೇ ಉದ್ದನೆಯದು. ಅಲ್ಲಿ ಒಬ್ಬ ಮನುಷ್ಯ ಬಂದು ಮಲಗಿದರೆ ಯಾರಿಗೂ ಗೊತ್ತಾಗುವುದಿಲ್ಲ. ಮನೆ ಬಿಟ್ಟು ಓಡಿ ಬಂದ ಮಕ್ಕಳು ಮಲಗುವುದೂ ಅಂಥ ಕಡೆಯೇ ಅಲ್ವಾ?

ನನ್ನ ಅಕ್ಕನ ಮಗಳು ನವನಗರದಲ್ಲಿ ಕಾನೂನು ಓದುತ್ತಾಳೆ. ಸೋಮವಾರ ಅವಳಿಗೆ ಫೋನ್ ಮಾಡಿ ಒಂದು ತಾಸು ಮಾತಾಡಿದೆ. ಅಮೆರಿಕದ ಮಯಾಮಿಯಲ್ಲಿ ಇಂಥವರು ಶಾಲೆಯಿಂದ 2,500 ಅಡಿಯೊಳಗೆ ಮನೆ ಮಾಡಬಾರದು ಅಂತ ನಿಯಮ ತಂದರಂತೆ. ಊರಲ್ಲಿ ಎಲ್ಲಿ ನೋಡಿದರೂ ಒಂದು ಶಾಲೆ. ಕೊನೆಗೆ ಸಮುದ್ರದ ಮೇಲಿನ ಒಂದು ಸೇತುವೆಯ ಕೆಳಗೆ ಡೇರೆ ಹಾಕಿಕೊಂಡು ಹತ್ತಾರು ಜನ ಸೇರಿಕೊಂಡರು. 2007 ರಿಂದ 2010 ರವರೆಗೆ ಕೆಲವರ ಸರ್ಕಾರಿ ಗುರುತಿನ ಚೀಟಿಯಲ್ಲಿ ವಿಳಾಸ ಅಂತ ಇದ್ದದ್ದು ಆ ಸೇತುವೆಯೇ. ಇದನ್ನು ಕೇಳಿದಾಗ ನನಗೆ ನಮ್ಮ ಕಟ್ಟೆಯೇ ಕಣ್ಣ ಮುಂದೆ ಬಂತು.

ಆಮೇಲೆ ಅವಳು ಕೆನಡಾದ ಹ್ಯಾಮಿಲ್ಟನ್ ಊರಿನ ಕಥೆ ಹೇಳಿದಳು. 1994 ರಲ್ಲಿ ಅಲ್ಲಿಗೆ ಒಬ್ಬ ಜೈಲಿನಿಂದ ಬಂದ. ಮತ್ತೆ ಮತ್ತೆ ಮಕ್ಕಳ ಮೇಲೆ ಕೈ ಮಾಡಿದವನು. ಶಿಕ್ಷೆ ಪೂರ್ತಿ ಮುಗಿದಿದ್ದರಿಂದ ಅವನ ಮೇಲೆ ನಿಗಾ ಇಡಲು ಯಾವ ಅಧಿಕಾರಿಯೂ ಇರಲಿಲ್ಲ. ಊರಿನವರು ಹೆದರಿದರು, ಪ್ರತಿಭಟನೆ ಮಾಡಿದರು. ಆಗ ಮೆನ್ನೊನೈಟ್ ಅನ್ನುವ ಕ್ರೈಸ್ತ ಪಂಗಡದ ಒಬ್ಬ ಪಾದ್ರಿ ತನ್ನ ಚಿಕ್ಕ ಚರ್ಚಿನ ಕೆಲವರನ್ನು ಸೇರಿಸಿ ಅವನ ಸುತ್ತ ನಿಂತರು. ದಿನಾ ಒಬ್ಬರಲ್ಲ ಒಬ್ಬರು ಅವನನ್ನು ಕಾಣುವುದು, ಮನೆ ಹುಡುಕಿ ಕೊಡುವುದು. ಪೊಲೀಸರ ಜೊತೆಗೂ ಮಾತು, ಹೆದರಿದ ನೆರೆಯವರ ಜೊತೆಗೂ ಮಾತು. ಅವನು ಸಾಯುವವರೆಗೂ ಮತ್ತೆ ಅಂಥ ಕೆಲಸ ಮಾಡಲಿಲ್ಲ. ಈಗ ಇದು ಬೇರೆ ದೇಶಗಳಲ್ಲೂ ನಡೆಯುತ್ತದೆ. ಒಬ್ಬನಿಗೆ ನಾಲ್ಕರಿಂದ ಆರು ಜನ. ಅವರು ಅವನಿಗೆ ಬರೀ ಗೆಳೆಯರಲ್ಲ. ಸುಳ್ಳು ಹೇಳಿದರೆ ಹಿಡಿಯುತ್ತಾರೆ, ಮಕ್ಕಳ ಹತ್ತಿರ ಸುಳಿದರೆ ಪೊಲೀಸರಿಗೆ ಹೇಳುತ್ತಾರೆ. ಅವರ ಹಿಂದೆ ಪೊಲೀಸರು, ಮನೋವೈದ್ಯರು ಇರುತ್ತಾರೆ. ಅಮೆರಿಕದ ಮಿನ್ನೆಸೋಟದಲ್ಲಿ ಹೀಗೆ ಬಿಡುಗಡೆಯಾದ 100 ಜನರನ್ನು ಎರಡು ಗುಂಪು ಮಾಡಿ ನೋಡಿದ್ದಾರೆ. ಸುತ್ತ ಜನ ಇದ್ದ ಗುಂಪಿನಲ್ಲಿ ಮತ್ತೆ ಲೈಂಗಿಕ ಅಪರಾಧಕ್ಕೆ ಸಿಕ್ಕಿಬೀಳುವ ಅಪಾಯ ಶೇಕಡಾ 88 ರಷ್ಟು ಕಡಿಮೆ ಇತ್ತು.

ನಮ್ಮಲ್ಲಿ ಏನಿದೆ ಅಂತ ಕೇಳಿದೆ. 2018 ರಲ್ಲಿ ದೇಶದ ಲೈಂಗಿಕ ಅಪರಾಧಿಗಳ ಪಟ್ಟಿ ಮಾಡಿದ್ದಾರೆ, ಅದನ್ನು ಪೊಲೀಸರು ಮತ್ತು ತನಿಖೆ ಮಾಡುವವರು ಮಾತ್ರ ನೋಡಬಹುದು ಅಂದಳು. ಪಟ್ಟಿ ಇರುವುದು ಒಳ್ಳೆಯದೇ. ಆದರೆ ಶಿಕ್ಷೆ ಮುಗಿಸಿ ಬಂದವನು ಎಲ್ಲಿ ಮಲಗಬೇಕು, ಅವನ ಜೊತೆ ಯಾರು ಮಾತಾಡಬೇಕು ಅಂತ ಪಟ್ಟಿ ಹೇಳುವುದಿಲ್ಲ. ಪೋಕ್ಸೊ ಕಾನೂನು ಬಂದದ್ದು 2012 ರಲ್ಲಿ. ಮೊದಮೊದಲು ಹತ್ತು ವರ್ಷ ಶಿಕ್ಷೆಯಾದವರು ಈಗ ಒಬ್ಬೊಬ್ಬರಾಗಿ ಹೊರಗೆ ಬರುವ ಹೊತ್ತು. ಇವರೆಲ್ಲ ಯಾವುದೋ ಒಂದು ಓಣಿಗೆ ಬರಲೇಬೇಕು. ನಮ್ಮ ಓಣಿಯಲ್ಲಿ ಸದ್ಯಕ್ಕೆ ಇರುವ ಏರ್ಪಾಡು ಒಂದೇ. ಹೊಸ್ತಿಲ ಮೇಲೆ ಮಲಗಿದ ಒಬ್ಬ ಮುದುಕಿ.

ನಾನು ಕ್ಷಮೆಯ ಮಾತು ಆಡುತ್ತಿಲ್ಲ. ಕ್ಷಮಿಸುವುದು ಬಿಡುವುದು ಆ ಹುಡುಗಿಗೆ ಸೇರಿದ್ದು. ಅದನ್ನು ಅವಳನ್ನು ಕೇಳುವ ಹಕ್ಕೂ ನಮಗಿಲ್ಲ. ನನಗೆ ಬೇಕಾದದ್ದು ಇಷ್ಟೇ. ಇನ್ನೊಂದು ಮಗುವಿಗೆ ಹಾಗೆ ಆಗಬಾರದು. ಅದಕ್ಕೆ ಅವನು ಎಲ್ಲಿದ್ದಾನೆ, ಏನು ಮಾಡುತ್ತಿದ್ದಾನೆ ಅಂತ ನಾಲ್ಕು ಜನರಿಗೆ ದಿನಾ ಗೊತ್ತಿರಬೇಕು. ಓಡಿಸಿದರೆ ಯಾರಿಗೂ ಗೊತ್ತಿರುವುದಿಲ್ಲ.

ನಮ್ಮ ಮನೆಯವರು ಒಪ್ಪಲಿಲ್ಲ. "ನಮ್ಮ ಮಗಳ ಮುಂದ ಈ ಪ್ರಯೋಗ ಬ್ಯಾಡ" ಅಂದರು. ಅವರ ಹೆದರಿಕೆ ತಪ್ಪು ಅಂತ ನಾನು ಹೇಳಲಾರೆ, ನನಗೂ ಅದೇ ಹೆದರಿಕೆ ಇದೆ. ಮಂಗಳವಾರ ಮಗಳನ್ನು ಕೂರಿಸಿಕೊಂಡು ಬಿಡಿಸಿ ಹೇಳಿದೆ. ಇನ್ನು ಆಯಿಯ ಮನೆಗೆ ಹೋಗಬಾರದು, ಅವನು ಮಾತಾಡಿಸಿದರೆ ಬಂದು ಹೇಳಬೇಕು. ಇಷ್ಟು ದಿನ ಅವಳಿಗೆ ಗುರುತಿಲ್ಲದವರ ಜೊತೆ ಹೋಗಬೇಡ ಅಂತಷ್ಟೇ ಹೇಳಿದ್ದೆ. ಅತ್ಯಾಚಾರದ ಕೇಸುಗಳಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಜಾಸ್ತಿ ಕಡೆ ಆರೋಪಿ ಗುರುತಿನವನೇ ಆಗಿರುತ್ತಾನೆ. ಅದನ್ನೂ ಅವಳಿಗೆ ತಿಳಿಯುವ ಹಾಗೆ ಹೇಳಿದೆ. ಮಕ್ಕಳ ಸಹಾಯವಾಣಿಯ 1098 ನಂಬರು ಬಾಯಿಪಾಠ ಮಾಡಿಸಿದೆ.

ಬುಧವಾರ ನಾನು, ಪಕ್ಕದ ಮನೆಯ ಕಾಕಾ ಇಬ್ಬರೂ ಆಯಿಯ ಮನೆಗೆ ಹೋದೆವು. ಕಾಕಾ ಹೆಡ್ ಕಾನ್ಸ್‌ಟೇಬಲ್ ಆಗಿ ರಿಟೈರ್ ಆದವರು, ಮಾತು ಕಡಿಮೆ. ಅವನು ಗೋಡೆಗೆ ಒರಗಿ ಕೂತಿದ್ದ, ನೆಲ ನೋಡುತ್ತಿದ್ದ. ನನಗೆ ಕನಿಕರ ಬರಲಿಲ್ಲ. ಬರಬೇಕು ಅಂತಲೂ ನಾನು ಅಂದುಕೊಂಡಿಲ್ಲ. ಕಾಕಾ ನೇರವಾಗಿ ಹೇಳಿದರು. "ನಿನ್ನ ಮ್ಯಾಲ ನಮಗ ನಂಬಿಕಿ ಇಲ್ಲ. ದಿನಾ ಸಂಜಿ ಆರಕ್ಕ ನನ್ನ ಮುಂದ ಬಂದು ಕುಂದರಬೇಕು. ಸಾಲಿ ಬಿಡೋ ಹೊತ್ತಿಗೆ ಓಣ್ಯಾಗ ಕಾಣಬಾರದು. ಕುಡದೀ ಅಂತ ಗೊತ್ತಾದ್ರ ನಾನ ಸ್ಟೇಷನ್ನಿಗೆ ಹೇಳ್ತೀನಿ." ಅವನು ಹೂಂ ಅಂದ. ಧಾರವಾಡದ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್‌ಗೆ ಕರೆದುಕೊಂಡು ಹೋಗಿ ಡಾಕ್ಟರಿಗೆ ತೋರಿಸುತ್ತೇವೆ ಅಂದದ್ದಕ್ಕೂ ಹೂಂ ಅಂದ. ಆ ಹೂಂ ಎಷ್ಟು ದಿನದ್ದು ಅಂತ ನೋಡಬೇಕು. ಮನೆ ಮಾಲಕರು ತಿಂಗಳ ಕೊನೆವರೆಗೆ ಸಮಯ ಕೊಟ್ಟಿದ್ದಾರೆ. ಇನ್ನೂ ಕೆಲವರನ್ನು ಕೇಳಿದೆ. ಒಬ್ಬರು ಯೋಚನೆ ಮಾಡುತ್ತೇನೆ ಅಂದರು, ಉಳಿದವರು ಮಾತು ತಿರುಗಿಸಿದರು.

ಇವತ್ತು ಬೆಳಿಗ್ಗೆ ಆಯಿ ಕೆಲಸಕ್ಕೆ ಬಂದಾಗ ಕಣ್ಣು ಕೆಂಪಗಿತ್ತು. ಎರಡು ರೊಟ್ಟಿ ಹಂಚಿನ ಮೇಲೆ ಸೀದು ಹೋದವು. ಒಂಬತ್ತು ವರ್ಷದಲ್ಲಿ ಆಕೆಯ ಕೈಯಲ್ಲಿ ರೊಟ್ಟಿ ಸೀದದ್ದು ನಾನು ನೋಡಿಲ್ಲ. "ಆಯಿ, ಇವತ್ತರ ಒಳಗ ಮಲಕೋ" ಅಂದೆ.

ಆಯಿ ಹಿಟ್ಟಿನ ಕೈ ಸೀರೆಗೆ ಒರೆಸಿಕೊಂಡಳು. "ನೀವು ನಾಕ ಮಂದಿ ಆಗೂತನಾ ಇರ್ಲಿ ಅಕ್ಕಾರ" ಅಂದಳು.